ಅತ್ತೆಯ ಅಳತೆಯ ಕಟ್ಟೆ

ಆ ಫ್ಲ್ಯಾಟಿನ ಅಡುಗೆಕಟ್ಟೆ ಕಟ್ಟಿಸಿದ್ದು ಅತ್ತೆಯ ಅಳತೆಗೆ. ಅತ್ತೆ ಕುಳ್ಳಿ. ಸೊಸೆಯಾಗಿ ಬಂದವಳೋ ಬಾಗಿಲ ಮೇಲಿನ ಚಿಲಕಕ್ಕೆ ಸ್ಟೂಲಿಲ್ಲದೆ ಕೈ ಹಾಕುವಷ್ಟು ಎತ್ತರ. ಮೂವತ್ತೆಂಟು ವರ್ಷ ಆ ಕಪ್ಪು ಕಲ್ಲಿನ ಮುಂದೆ ನಡು ಬಗ್ಗಿಸಿಯೇ ಬೇಯಿಸಿದಳು. "ಸ್ವಲ್ಪ ಎತ್ತರಿಸಿಕೊಡಿ" ಎಂದಾಗಲೆಲ್ಲ ಗಂಡ "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದ. ಅತ್ತೆ ಹೋದರು, ಗಂಡನೂ ಹೋದ. ಆ ಮುಂದಿನ ವರ್ಷ ಮಾತ್ರ ಬರಲೇ ಇಲ್ಲ.

ಹಾಗಾಗಿ ಮಗ "ಅಮ್ಮಾ, ಮನೆ ರಿಪೇರಿ ಮಾಡಿಸ್ತೀನಿ" ಎಂದ ದಿನ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಡುಗೆಮನೆಯ ಗೋಡೆಗೆ ಬೆನ್ನೊತ್ತಿ, ಹಲ್ಲುಕಚ್ಚಿ ಆದಷ್ಟು ನೆಟ್ಟಗಾಗಿ, ಮೊಣಕೈಯ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ನಿಜ ಹೇಳಬೇಕೆಂದರೆ ಮದುವೆಯ ದಿನವೂ ಅವಳು ಅಷ್ಟು ಖುಷಿಪಟ್ಟಿರಲಿಲ್ಲ.

ಮಗ ಕರೆತಂದ ಆರ್ಕಿಟೆಕ್ಟ್ ಹುಡುಗಿ ಹಳೆಯದನ್ನು ಕಂಡರೆ ಪ್ರಾಣ ಬಿಡುವವಳು. ಹೂಬಳ್ಳಿ ಚಿತ್ತಾರದ ನೆಲವನ್ನು ಮಂಡಿಯೂರಿ ಸವರಿದಳು. ಕಿಟಕಿಯ ಹಿತ್ತಾಳೆ ಹಿಡಿಗಳನ್ನು ಒಂದೊಂದಾಗಿ ತಿರುಗಿಸಿದಳು. ಅಡುಗೆಮನೆಗೆ ಬಂದು, ಕಟ್ಟೆಯ ಅಂಚು ಸವೆದ ಜಾಗಕ್ಕೆ ಕೈಯಿಟ್ಟು, "ಇದನ್ನ ಮಾತ್ರ ಯಾರೂ ಮುಟ್ಟಬಾರದು. ಮನೆಯ ಜೀವ ಇರೋದೇ ಇಲ್ಲಿ" ಎಂದಳು.

"ನನ್ನ ಜೀವ ಹೋಗ್ತಿರೋದೂ ಅಲ್ಲೇ ಕಣಮ್ಮ," ಎಂದಳು ಅಮ್ಮ.

ಇಬ್ಬರೂ ನಕ್ಕರು.

"ತಮಾಷೆಗೆ ಹೇಳ್ತಿಲ್ಲ ಕಣೋ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ."

"ಇಷ್ಟು ವರ್ಷದ ಅಭ್ಯಾಸ ಅಲ್ವಾಮ್ಮ? ಈಗ ಎತ್ತರ ಮಾಡಿದ್ರೆ ನಿಂಗೇ ಕಷ್ಟ," ಎಂದ ಮಗ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮರುದಿನ ಮೇಸ್ತ್ರಿ ಕೈತೊಳೆಯುವ ಹಳೆಯ ಬೇಸಿನ್ ಕಿತ್ತು ಹೊಸದು ಕೂರಿಸುತ್ತಿದ್ದ. "ಇದೂ ಹಳೇದೇ ಅಲ್ವೇನಪ್ಪ? ಇದನ್ನ ಯಾಕೆ ತೆಗೆದೆ?" ಎಂದು ಅಮ್ಮ ಕೇಳಿದಳು.

"ಸೀಳು ಬಿಟ್ಟಿತ್ತಲ್ಲಮ್ಮ. ಒಡೆದಿದ್ದು ತೆಗಿ, ಗಟ್ಟಿ ಇರೋದು ಬಿಡು ಅಂದಿದಾರೆ ಮೇಡಂ."

ಅವಳು ಅಡುಗೆಕಟ್ಟೆಯತ್ತ ತಿರುಗಿದಳು. ಆ ಕಲ್ಲನ್ನು ತಿಕ್ಕಿ ತೊಳೆದು, ಮೇಲೊಂದು ಬಿಸಿ ಪಾತ್ರೆಯನ್ನೂ ಇಡದೆ ಜೋಪಾನ ಮಾಡಿದವಳು ಅವಳೇ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು.

ಮೇಸ್ತ್ರಿ ಊಟಕ್ಕೆ ಹೋದಾಗ ಅವನ ದೊಡ್ಡ ಸುತ್ತಿಗೆ ಎತ್ತಿಕೊಂಡಳು. ಮೊದಲ ಏಟು ಅತ್ತೆಗೆ, ಎರಡನೆಯದು ಗಂಡನಿಗೆ. ಮೂರನೆಯದು ಯಾರಿಗೆಂದು ಹೇಳಬೇಕಾಗಿಲ್ಲ. ಅದಕ್ಕೆ ಕಲ್ಲು ಈ ಅಂಚಿನಿಂದ ಆ ಅಂಚಿಗೆ ಬಿರಿಯಿತು. ಸಂಜೆ ಮಗನಿಗೆ "ಕುಕ್ಕರ್ ಕೈಜಾರಿ ಬಿತ್ತು" ಎಂದಳು. ಸುಳ್ಳಾಡಿದೆನೆಂದು ಅವಳಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಆರ್ಕಿಟೆಕ್ಟ್ ಬಂದು ಬಿರುಕಿನ ಮೇಲೆ ಬೆರಳಾಡಿಸಿದಳು. "ಪರವಾಗಿಲ್ಲ, ಅಂಟು ತುಂಬಿಸೋಣ. ಗೆರೆ ಕಾಣ್ಲಿ ಬಿಡಿ, ಜನ ಬಾಳಿದ ಮನೆ ಅನ್ಸತ್ತೆ." ಮಗ ತಲೆಯಾಡಿಸಿದ. ಗೋಡೆಯ ಮೇಲಿದ್ದ ಸೀಮೆಸುಣ್ಣದ ಗೆರೆ ಮಾತ್ರ ಹೊಸ ಬಣ್ಣದಡಿ ಮುಚ್ಚಿಹೋಯಿತು.

ಕೆಲಸ ಮುಗಿದ ಮೇಲೆ ಪತ್ರಿಕೆಯ ಫೋಟೋಗ್ರಾಫರ್ ಬಂದ. ಮಗ ಹೆಮ್ಮೆಯಿಂದ ತಾಯಿಯನ್ನು ಕರೆತಂದು ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ.

"ಅಮ್ಮಾ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ," ಎಂದ ಫೋಟೋಗ್ರಾಫರ್.

"ನೆಟ್ಟಗೇ ನಿಂತಿದೀನಿ ಕಣಪ್ಪ," ಎಂದಳು ಅವಳು, ಮಗನ ಮುಖ ನೋಡುತ್ತ. "ಇಷ್ಟೇ ಉಳಿದಿರೋದು."