ಫುಜಿ ಸಾಲಿನಲ್ಲೊಂದು ಆಲೂಗಡ್ಡೆ

ನರಿಯ ಬಾಲ ಮತ್ತೆ ಹೋಯಿತು — ತಲೆ ಇದೆ, ಮುಂಗಾಲು ಇದೆ, ಮಾಡಿನಿಂದ ಮಾಡಿಗೆ ಹಾರುತ್ತಲೂ ಇದೆ, ಸೊಂಟದಿಂದ ಹಿಂದೆ ಮಾತ್ರ ಬರೀ ಗೆರೆ, ಯಸುಕೊ ಅವರ ಕಾಫಿ ಅಂಗಡಿಯ ವಿಡಿಯೋ ಆಟದ ಮೇಜಿನ ಗಾಜಿನಡಿ ನಲವತ್ತು ವರ್ಷ ಓಡಿದ ನರಿ, ನಾಣ್ಯ ಹಾಕಿದವರೆಲ್ಲ ಮುದುಕರಾದರು, ಅದಕ್ಕೆ ವಯಸ್ಸಾಗಿರಲಿಲ್ಲ, ಈಗ ಅದರ ಸರ್ಕೀಟ್ ಬೋರ್ಡು ನನ್ನ ಊಟದ ಮೇಜಿನ ಮೇಲೆ ಬೋರಲು ಬಿದ್ದಿದೆ, ಪಕ್ಕದಲ್ಲಿ ಅದಕ್ಕೆ ಜೋಡಿಸಿದ ಪುಟ್ಟ ಟಿವಿ, ಕೈಯಲ್ಲಿ ಊಟದ ಬಿದಿರುಕಡ್ಡಿ, ಒಂದೊಂದೇ ಬೆಸುಗೆಯನ್ನು ತಟ್ಟುತ್ತಾ ಹೋಗಬೇಕು, ಎಲ್ಲಿ ತಟ್ಟಿದಾಗ ಬಾಲ ಬರುತ್ತದೋ ಅಲ್ಲಿ ಬಿರುಕು, ಇದಕ್ಕೆ ಬೇಕಾದದ್ದು ತಾಳ್ಮೆ, ಅದು ನನ್ನ ಹತ್ತಿರ ಮಣಗಟ್ಟಲೆ ಇದೆ. ಪೇಟೆಯ ರಿಪೇರಿಯವನು ಯಸುಕೊ ಅವರಿಗೆ ಹೇಳಿದನಂತೆ, ಕಾರ್ಖಾನೆಲೇ ಯಾರೋ ತಂತಿ ಎಳೆದು ತೇಪೆ ಹಾಕಿದಾರೆ, ಅದೇ ಕೆಟ್ಟಿರ್ಬೇಕು, ಎಸೆದ್ಬಿಡಿ. ಯಾರೋ — ಆ ಯಾರೋ ನಾನೇ ಕಣಯ್ಯಾ, ಹಸಿರು ತಂತಿ ತಿರುಗುವಲ್ಲಿ ಉಗುರಿನಷ್ಟು ಸುರುಳಿ ಬಿಡುತ್ತಿದ್ದವಳು ಯಾಓ ಊರಿನ ಕಾರ್ಖಾನೆಯ ಆ ಇಡೀ ಬೆಸುಗೆ ಸಾಲಿನಲ್ಲಿ ನಾನೊಬ್ಬಳೇ, ಎಳೆತಕ್ಕೆ ಸಿಕ್ಕಿ ಕಿತ್ತುಹೋಗಬಾರದು ಅಂತ, ನೋಡಿದ ಕೂಡಲೇ ಹೆತ್ತ ಮಗುವಿನ ಮಚ್ಚೆ ಕಂಡ ಹಾಗಾಯಿತು, ಕೊಡಿ ಇಲ್ಲಿ ಅಂದೆ, ಚೀಲಕ್ಕೆ ಹಾಕಿಕೊಂಡು ಬಂದೆ.

ಟಕ್, ಟಕ್ — ಅದು ನನ್ನ ಕಡ್ಡಿಯಲ್ಲ, ಅಡುಗೆಮನೆಯಲ್ಲಿ ನಮ್ಮ ಯಜಮಾನರ ಚಾಕು, ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದಾರೆ, ಎಡಗೈಯವರಿಗೆಂದೇ ಸಾಕಾಯಿ ಊರಿನಲ್ಲಿ ಮಾಡಿಸಿದ ಚಾಕು, ನನ್ನ ಕೈಗೆ ಒಗ್ಗುವುದೇ ಇಲ್ಲ. ಶಾಲೆಯಲ್ಲಿ ಮೇಷ್ಟರು ಹೊಡೆದು ಹೊಡೆದು ಅವರನ್ನು ಬಲಗೈಗೆ ತಿದ್ದಿದರು, ನಾನಿದ್ದ ಕಾರ್ಖಾನೆಯಲ್ಲೇ ತಪಾಸಣೆಯ ಮುದ್ರೆ ಒತ್ತುವಾಗಲೂ ಬಲಗೈಯೇ, ಎಡಗೈ ಹೊರಬರುವುದು ಯಾರೂ ನೋಡದಾಗ ಮಾತ್ರ, ಮದುವೆಯಾದ ಮೇಲೆ ನನಗೂ ತಿಳಿದದ್ದು. ಸುಮಿಯೆ, ಆಲೂಗಡ್ಡೆ ಸಿಕ್ತಾ? ನನ್ನ ಹೊಲದಲ್ಲಿ ಅದು ಬೆಳೆಯಲ್ಲ ರೀ, ಆಗ ನಿಮ್ಮ ಕಣ್ಣಿಗೇನಾದ್ರೂ ಪೊರೆ ಬಂದಿತ್ತಾ ನೋಡ್ಕೊಳ್ಳಿ. ನಗುತ್ತಾರೆ. ಸಾಲಿನ ಮೇಲ್ವಿಚಾರಕಿ ಒಕುದಾ ಅವರ ಮಾತು ಅದು, ಬೆಸುಗೆ ಅಂದ್ರೆ ಫುಜಿ ಬೆಟ್ಟದ ಹಾಗಿರ್ಬೇಕು ಕಣ್ರಮ್ಮಾ, ಪಾದ ಅಗಲ, ಇಳಿಜಾರು ನುಣುಪು, ಉಂಡೆ ಕಟ್ಟಿದ್ರೆ ಅದು ಆಲೂಗಡ್ಡೆ, ಆಲೂಗಡ್ಡೆ ಬೆಳೆಯೋರು ಹೊಲಕ್ಕೆ ಹೋಗಿ. ಆಲೂಗಡ್ಡೆ ಕಂಡರೆ ತಪಾಸಣೆಯವರು ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದರು, ಎಲ್ಲರೆದುರು ಎದ್ದು ಹೋಗಿ ತರಬೇಕು, ನಾನು ಮೂರು ವರ್ಷ ಎದ್ದವಳಲ್ಲ. ಇವರು ಇಂದಿಗೂ ಕಾಫಿ ಅಂಗಡಿಯಲ್ಲಿ ಡಂಗುರ ಸಾರುತ್ತಾರೆ, ಒಂದು ಕೆಂಪು ಚೀಟಿ ಅಂಟಿಸೋಣ ಅಂತ ಮೂರು ವರ್ಷ ಕಾದೆ, ಈ ಹೆಂಗಸು ಕೊಡ್ಲಿಲ್ಲ, ಬೇರೆ ದಾರಿ ಇಲ್ದೆ ಮದ್ವೆ ಆದೆ. ನನಗೆ ಬೇರೆ ಬಿರುದಿಲ್ಲ, ಇದೊಂದೇ, ಈ ತಂತಿಯ ತುದಿಯಲ್ಲಿ ಬಿರುಕಿದ್ದರೆ ಅದೂ ಹೋಯಿತು.

ತಂತಿಯ ಈ ತುದಿ — ತಟ್ಟಿದೆ, ಬಾಲವಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಫುಜಿ, ಆ ತುದಿ, ಅದೂ ಫುಜಿ, ನಲವತ್ತು ವರ್ಷದ ಸಿಗರೇಟಿನ ಹೊಗೆ ಕುಡಿದೂ ಹೊಳೆಯುತ್ತಿದೆ, ಶಭಾಷ್ ಸುಮಿಯೆ, ಬರಲಿ ಆ ರಿಪೇರಿಯವನು, ಕತ್ತು ಹಿಡಿದು ತೋರಿಸುತ್ತೇನೆ. ಪಕ್ಕದ ಐಸಿ ಚಿಪ್‌ನ ಕಾಲುಗಳು, ಈ ಸಾಲೂ ನನ್ನದೇ, ಬೆಟ್ಟ, ಬೆಟ್ಟ, ಬೆಟ್ಟ, ಒಂದೊಂದರ ತುದಿಯೂ ಕೂದಲೆಳೆಯಷ್ಟು ಬಲಕ್ಕೆ, ಬಲಗೈಯವಳು ಬೆಸುಗೆ ಕಡ್ಡಿ ಎತ್ತುವುದೇ ಹಾಗೆ, ಟಕ್ — ಬಾಲ ಬಂತು. ಕೈ ತೆಗೆದೆ, ಹೋಯಿತು. ಭೂತಗನ್ನಡಿ. ಆಲೂಗಡ್ಡೆ, ದಪ್ಪಗೆ, ಸುತ್ತ ಉಂಗುರದ ಹಾಗೆ ಬಿರುಕು, ನೆತ್ತಿಯಲ್ಲೊಂದು ಕೊಂಬು. ಭೂತಗನ್ನಡಿ ಇನ್ನೂ ಹತ್ತಿರ ಹಿಡಿದೆ. ಆದರೆ ಆ ಕೊಂಬು ಎಡಕ್ಕೆ ವಾಲಿದೆ. ನಮ್ಮ ಸಾಲಿನಲ್ಲಿ ಎಡಗೈಯವರು ಯಾರಿದ್ದರು, ಯಾರೂ ಇರಲಿಲ್ಲ — ಇವರು ಎಡ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರಲ್ಲ ಒಂದು ದಿನ, ತಪಾಸಣೆಯವರಿಗೆ ಬೆರಳು ಹೇಗೆ ಸುಡ್ತು ಅಂತ ನಾವೆಲ್ಲ ಕಾಡಿದ್ದೆವು, ಚಹಾ ಚೆಲ್ತು, ಕೆಲಸ ನೋಡ್ಕೊಳ್ಳಿ ಅಂದಿದ್ದರು, ಕಿವಿ ಕೆಂಪಗಾಗಿತ್ತು, ಆಗಿನ್ನೂ ನನ್ನೊಡನೆ ಎರಡು ಮಾತು ಆಡಿರಲಿಲ್ಲ. ತಪಾಸಣೆಯವರು ಬೆಸುಗೆ ಕಡ್ಡಿ ಮುಟ್ಟುವಂತಿಲ್ಲ, ಮುಟ್ಟಿದರೆ ಕೆಲಸ ಹೋಗುತ್ತದೆ, ಚೀಟಿ ಅಂಟಿಸಿ ಕಳಿಸಿದ್ದರೆ ಮುಗಿಯುತ್ತಿತ್ತು, ಇವರು ತಾವೇ ತಿದ್ದಿಬಿಟ್ಟಿದ್ದಾರೆ. ಹಾಗಾದರೆ ಇಲ್ಲಿ ನನ್ನ ಕೈ ತಪ್ಪಿತ್ತು, ತಪ್ಪಿದ್ದು ಇದೊಂದೇ ಕಡೆ ಅಂತ ಯಾರು ಹೇಳಬೇಕು, ಯಾರು ಕೇಳಿದ್ದರು ರೀ ನಿಮ್ಮನ್ನು, ಎದ್ದು ಹೋಗಿ ತರುತ್ತಿದ್ದೆ, ಸಾಯುತ್ತಿರಲಿಲ್ಲ. ಸಿಟ್ಟು ಬರುತ್ತಿದೆ, ಬಿರುದು ಕೊಟ್ಟವರೇ ಕಿತ್ತುಕೊಂಡ ಹಾಗೆ — ಆದರೂ ಕಡ್ಡಿ ಹಿಡಿದು ಗೊತ್ತಿಲ್ಲದ ಮನುಷ್ಯ, ಕದ್ದು, ಬೆರಳು ಸುಟ್ಟುಕೊಂಡು ಹಾಕಿದ ಕುರೂಪಿ ಬೆಸುಗೆ ನಲವತ್ತು ವರ್ಷ ನರಿಯ ಬಾಲ ಹಿಡಿದು ನಿಂತಿತ್ತಲ್ಲ, ನನ್ನ ಬೆಟ್ಟಗಳ ನಡುವೆ, ಒಂದು ದಿನವೂ ಬಾಯಿ ಬಿಡದೆ, ಎಂಥವರನ್ನು ಕಟ್ಟಿಕೊಂಡೆ ನಾನು, ಎದೆ ಉಬ್ಬುತ್ತಿದೆ.

ಏನೇ, ಸಿಕ್ತಾ, ಯಾರ್ದು ತಪ್ಪು? ಯಾರ್ದೂ ಅಲ್ಲ ರೀ, ವಯಸ್ಸಾಗಿದೆ ಅಷ್ಟೇ. ನಂಗೂ ಅಷ್ಟೇ, ಬಾ, ಊದೊನ್ ಶಾವಿಗೆ ಆರುತ್ತೆ. ಬಂದೆ — ಬೆಸುಗೆ ಕಡ್ಡಿ ಕಾದಿದೆ, ತುದಿಯಿಂದ ಹೊಗೆಯ ಎಳೆ, ಒಂದು ಸಲ ಮುಟ್ಟಿಸಿದರೆ ಸಾಕು, ಕರಗಿ ಫುಜಿಯಾಗುತ್ತದೆ, ಬಾಲ ಬರುತ್ತದೆ, ನನ್ನ ಸಾಲು ಪೂರ್ತಿ ನನ್ನದಾಗುತ್ತದೆ, ಅವರ ಗುರುತು ಅಳಿಯುತ್ತದೆ, ಮುಟ್ಟಿಸು ಸುಮಿಯೆ, ಕೈ ಹೋಗುತ್ತಿಲ್ಲ, ಭೂತಗನ್ನಡಿಯ ಗಾಜಿನಡಿಯಲ್ಲಿ ಆ ಕೊಂಬು, ಎಡಕ್ಕೆ ವಾಲಿದ ಕೊಂಬು, ಎಡಕ್ಕೆ…