ಎಡಗಾಲಿನ ಪ್ಯಾಡು

“ತಿರುಗಿಸ್ರೋ, ತಿರುಗಿಸಿ! ಗೋಡೆಗೆ ತಾಗ್ತಿದೆ!”

ಮೇಲೆ ಒಯ್ಯುತ್ತಿದ್ದ ಖಾಲಿ ಶವಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಗಿರಣಿಯ ಕ್ವಾರ್ಟರ್ಸು ಕಟ್ಟಿದವರು ನಡೆದು ಇಳಿಯುವವರಿಗಾಗಿ ಮೆಟ್ಟಿಲು ಮಾಡಿದ್ದರೇ ಹೊರತು ಮಲಗಿ ಇಳಿಯುವವರನ್ನು ಯೋಚಿಸಿರಲಿಲ್ಲ. ಪೆಟ್ಟಿಗೆಯ ನಾಲ್ಕು ಮೂಲೆಗೆ ಮೂರೇ ಜನ. ಮೇಲಿನಿಂದ ಕ್ಯಾಪ್ಟನ್ ಬಗ್ಗಿ ನೋಡಿದ.

“ಕಡ್ಡೀ, ಅಲ್ಲೇ ನಿಂತು ಮೆಟ್ಟಿಲು ಎಣಿಸ್ತಿದೀಯೇನೋ? ಬಾ, ಒಂದು ಕೈ ಹಾಕು.”

“ಬಂದೆ, ಬಂದೆ,” ಎಂದ ಕಡ್ಡಿ. ಎಡಗಾಲು ಮಾತ್ರ ಬರಲು ಒಪ್ಪಲಿಲ್ಲ. ಒಂದು ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ, ಉಸಿರು ತೆಗೆದುಕೊಂಡು, ಮುಂದಿನದಕ್ಕೆ ಹೋಗಬೇಕು. ಅರವತ್ತೆರಡು ವರ್ಷ, ಅದರಲ್ಲಿ ಮೂವತ್ತೊಂದು ವರ್ಷ ಹೀಗೆಯೇ. ಆದರೆ ಕೇಳಿದವರಿಗೆಲ್ಲ ವಾಯು ಅಂತ ಹೇಳುತ್ತ ಬಂದಿದ್ದ.

ಹೋಗಿದ್ದವನು ಸೂಜಿಯಣ್ಣ. ಹಿಂದಿನ ದಿನ ಬೆಳಿಗ್ಗೆ, ಕಿಟಕಿಯ ಪಕ್ಕದ ಮಣೆಯ ಮೇಲೆ ಯಾರದೋ ಚೀಲದ ಹಿಡಿ ಹೊಲಿಯುತ್ತ ಕೂತವನು ಹಾಗೆಯೇ ಗೋಡೆಗೆ ಒರಗಿದ್ದ. ದಾರ ಇನ್ನೂ ದಬ್ಬಣದಲ್ಲಿತ್ತು. ಗಿರಣಿಯ ಯಂತ್ರಗಳ ಚರ್ಮದ ಬೆಲ್ಟುಗಳನ್ನು ಹೊಲಿಯುವುದು ಅವನ ಕೆಲಸ; ಸಂಜೆಯಾದರೆ ಗಿರಣಿಯ ಹಾಕಿ ಟೀಮಿನ ಪ್ಯಾಡು, ಕೈಗವಸು, ಮುರಿದ ಸ್ಟಿಕ್ಕು ಎಲ್ಲ ಅವನ ಮಡಿಲಿಗೆ ಬೀಳುತ್ತಿದ್ದವು. ನಿಜವಾದ ಹೆಸರು ಸಂಬಳದ ಪುಸ್ತಕಕ್ಕಷ್ಟೇ ಗೊತ್ತಿತ್ತು.

ಮನೆಯೊಳಗೆ ಹತ್ತು ಜನವೂ ಇರಲಿಲ್ಲ. ಬೇರೆ ಯಾರಾದರೂ ಹೋಗಿದ್ದರೆ ಇಷ್ಟು ಹೊತ್ತಿಗೆ ಇಡೀ ಕ್ವಾರ್ಟರ್ಸಿನ ಜನ ಮೆಟ್ಟಿಲ ಮೇಲಿರುತ್ತಿದ್ದರು. ಬಸ್ ಕಂಡಕ್ಟರ್ ಆಗಿದ್ದ ಮಗಳು ನಿನ್ನೆ ಯೂನಿಫಾರ್ಮಿನಲ್ಲೇ ಓಡಿ ಬಂದವಳು ಇನ್ನೂ ಬಟ್ಟೆ ಬದಲಿಸಿರಲಿಲ್ಲ. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ದರದರ ಎಳೆದು, ಒಳಗಿನಿಂದ ಎರಡು ಹಳೆಯ ಕ್ಯಾನ್ವಾಸ್ ಪ್ಯಾಡುಗಳನ್ನು ಎತ್ತಿದಳು.

“ಇವನ್ನ ಅಪ್ಪನ ಜೊತೆ ಇಡೋಣ ಅಂತ.”

ಕ್ಯಾಪ್ಟನ್ ಮುಖ ಸಿಂಡರಿಸಿದ. ಅವನು ಆಗ ಟೀಮಿನ ಕ್ಯಾಪ್ಟನ್, ಈಗ ಕ್ಲಬ್ಬಿನ ಅಧ್ಯಕ್ಷ. ಆಟ ನಿಂತರೂ ಹೆಸರು ನಿಂತಿರಲಿಲ್ಲ. “ಅದ್ಯಾಕಮ್ಮ? ಆ ಪ್ಯಾಡಿಂದಾನೇ ಅಲ್ವಾ ಎಲ್ಲ ಆಗಿದ್ದು? ಹೋಗೋ ಹೊತ್ತಲ್ಲಿ ಹಳೇದನ್ನೆಲ್ಲ ಯಾಕೆ ಕೆದಕ್ಬೇಕು?”

“ನಲವತ್ತು ಸಲ ಹೊಲಿದಿದಾರೆ ಇದನ್ನ. ನನಗೆ ಅಷ್ಟು ಸಲ ತಲೆ ಬಾಚಿಲ್ಲ,” ಎಂದಳು ಮಗಳು.

ಮೂಲೆಯಲ್ಲಿ ಗುಂಡ ನಿಂತಿದ್ದ. ಸೂಜಿಯಣ್ಣನ ತಂಗಿಯ ಮಗ. ಸೈಕಲ್ ರಿಪೇರಿಯ ಕರಿ ಉಗುರಿನಲ್ಲಿ ಹಾಗೇ ಇತ್ತು. ಅವನೂ ಕಡ್ಡಿಯೂ ಒಂದು ಕಾಲಕ್ಕೆ ಆ ಟೀಮಿನ ಇಬ್ಬರು ಗೋಲ್‌ಕೀಪರುಗಳು.

ಮಗಳು ಎಡಗಡೆಯ ಪ್ಯಾಡನ್ನು ಮಡಿಲಲ್ಲಿ ಇಟ್ಟು ಧೂಳು ಒರೆಸತೊಡಗಿದಳು. ಮೇಲಿನ ಪಟ್ಟಿಯ ಮೇಲೆ ಅವಳ ಬೆರಳು ನಿಂತಿತು. “ಇದರಲ್ಲಿ ಮೂರು ತೂತಿದೆ. ಬಲಗಡೇದ್ರಲ್ಲಿ ಎರಡೇ. ಯಾಕೆ?”

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬನು ಕಿಟಕಿಯ ಆಚೆ ನೋಡಿದ.

*

ಎರಡು ತೂತಿನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಟೀಮಿಗೆ ಇದ್ದದ್ದು ಒಂದೇ ಜೊತೆ ಪ್ಯಾಡು, ಗೋಲ್‌ಕೀಪರು ಇಬ್ಬರು. ಒಬ್ಬನ ಕಾಲು ಬಾಳೆದಿಂಡು, ಇನ್ನೊಬ್ಬನದು ಪೊರಕೆಕಡ್ಡಿ. ಸೂಜಿಯಣ್ಣ ಪ್ರತಿ ಪಟ್ಟಿಗೂ ಎರಡೆರಡು ತೂತು ಹೊಡೆದಿದ್ದ: ತುದಿಯದು ಗುಂಡನಿಗೆ, ಒಳಗಿನದು ಕಡ್ಡಿಗೆ.

ಆ ವರ್ಷ ಇಬ್ಬರಲ್ಲಿ ಯಾರು ಮೇಲು ಅಂತ ದೇವರಿಗೂ ಹೇಳಲಾಗುತ್ತಿರಲಿಲ್ಲ. ಒಂದು ಪಂದ್ಯ ಇವನು, ಒಂದು ಪಂದ್ಯ ಅವನು ಅಂತ ಕೋಚ್ ತಳ್ಳಿಕೊಂಡು ಬಂದ. ಸೆಮಿಫೈನಲ್ಲಿಗೆ ಅರ್ಧರ್ಧ ಹಂಚಿದ. ಆ ಮನುಷ್ಯನಿಗೆ ಎದುರಾಳಿಯ ಸ್ಟಿಕ್ಕಿಗೆ ಹೆದರಿಕೆಯಿಲ್ಲ, ಬಿಟ್ಟ ಹುಡುಗನ ಮುಖ ನೋಡಲು ಹೆದರಿಕೆ. ಅದಕ್ಕೇ ಯಾರು ಆಡುತ್ತಾರೆ ಅಂತ ಬಾಯಲ್ಲಿ ಹೇಳುತ್ತಲೇ ಇರಲಿಲ್ಲ. ಸೂಜಿಯಣ್ಣನ ಕಿವಿಯಲ್ಲಿ ಒಂದು ಮಾತು. ಬೆಳಿಗ್ಗೆ ಯಾರು ಬಟ್ಟೆ ನೇತುಹಾಕುವ ಗೂಟದ ಕೆಳಗೆ, ಯಾರ ತೂತಿಗೆ ಬಕಲ್ ಹಾಕಿಕೊಂಡು ಪ್ಯಾಡು ನಿಂತಿರುತ್ತದೋ ಅವನೇ ಗೋಲ್‌ಕೀಪರ್. ಮರುಮಾತಿಲ್ಲ.

ಫೈನಲ್ಲಿನ ಬೆಳಿಗ್ಗೆ ಪ್ಯಾಡು ಗುಂಡನ ಗೂಟದ ಕೆಳಗಿತ್ತು.

ಆಟ ಮುಗಿಯಲು ಎರಡು ನಿಮಿಷ ಇದ್ದಾಗ, ಮಗು ಕೂಡ ತಡೆಯಬಹುದಾದ ಒಂದು ಚೆಂಡು ಉರುಳುತ್ತ ಬಂದು ಗುಂಡನ ಎರಡು ಪ್ಯಾಡುಗಳ ನಡುವೆ ನುಸುಳಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. “ನಾನು ಕಡ್ಡಿ ಅಂದಿದ್ದೆ. ಬೆಳಿಗ್ಗೆ ಸೂಜಿ ಬಂದು ಬೇಡ ಅಂದ, ಕಾರಣ ಕೇಳಿದ್ರೆ ಹೇಳಲಿಲ್ಲ, ಅವನ ಮಾತು ಕೇಳಿ ಕೆಟ್ಟೆ,” ಎಂದು ಕೋಚ್ ಎಲ್ಲರೆದುರು ತಲೆ ಚಚ್ಚಿಕೊಂಡ. ಮರುವರ್ಷ ಗಿರಣಿಯವರು ಟೀಮನ್ನೇ ಮುಚ್ಚಿದರು.

ಅಂದಿನಿಂದ ಗುಂಡ ಬೀದಿಯಲ್ಲಿ ಹೋದರೆ ಹುಡುಗರು “ಕಾಲು ಕೂಡಿಸೋ!” ಎಂದು ಕೂಗುತ್ತಿದ್ದರು. ಆ ಹುಡುಗರಿಗೆ ಮಕ್ಕಳಾದವು, ಆ ಮಕ್ಕಳೂ ಕೂಗಿದವು. ಸೂಜಿಯಣ್ಣ ಅಳಿಯನಿಗೋಸ್ಕರ ಗೆಲ್ಲಬೇಕಿದ್ದ ಕಪ್ ಕಳೆದವನಾದ. ಕಡ್ಡಿಯದು ಮಾತ್ರ ಬೇರೆ ಯೋಗ. ಅವನು ನಿಂತಿದ್ದರೆ ಗೆಲ್ಲುತ್ತಿದ್ದೆವು ಎಂಬುದು ವರ್ಷ ಕಳೆದಂತೆ ಗಟ್ಟಿಯಾಗುತ್ತ ಹೋಯಿತು. ಹಂಗಾಮಿ ಕೂಲಿಯಾಗಿದ್ದವನನ್ನು, ಪಾಪ ಅನ್ಯಾಯವಾಯಿತು ಅಂತ, ಗಿರಣಿಯವರು ಗೇಟಿನಲ್ಲಿ ಕಾಯಂ ಮಾಡಿದರು. “ಗೋಲಂತೂ ಕಾಯೋಕೆ ಬಿಡಲಿಲ್ಲ, ಗೇಟಾದರೂ ಕಾಯಲಿ,” ಎಂದು ಜನ ನಕ್ಕರು. ಚಹದಂಗಡಿಯಲ್ಲಿ ಅವನಿಗೆ ಜಾಗ ಬಿಡುತ್ತಿದ್ದರು. ಆಡದೆ ಕೂತ ಒಂದು ಆಟದಿಂದ ಅಷ್ಟು ದೊಡ್ಡ ಆಟಗಾರನಾದವನು ಲೋಕದಲ್ಲಿ ಇನ್ನೊಬ್ಬನಿರಲಾರ.

*

ದೇಹವನ್ನು ಒಳಗಿಟ್ಟು ಪೆಟ್ಟಿಗೆಯನ್ನು ಕೆಳಗಿಳಿಸುವಾಗ ಕಡ್ಡಿ ಕಾಲ ಕಡೆಯ ಮೂಲೆಯಲ್ಲಿದ್ದ. ಅವನ ಕಾಲಿನ ಲಯಕ್ಕೆ ಉಳಿದ ಮೂವರೂ ಮೆಟ್ಟಿಲಿಗೊಮ್ಮೆ ನಿಲ್ಲಬೇಕಾಯಿತು. ಅಂಗಳದ ಎರಡು ಬೆಂಚುಗಳ ಮೇಲೆ ಪೆಟ್ಟಿಗೆ ಇಟ್ಟು ಮುಚ್ಚಳ ಸರಿಸಿದರು. ಕೊನೆಯ ಸಲ ನೋಡಲು ಅಕ್ಕಪಕ್ಕದ ಇಪ್ಪತ್ತು ಮೂವತ್ತು ಜನ ಈಗ ಇಳಿದು ಬಂದರು. ನೋಡಲು ಬರುತ್ತಾರೆ, ಹೊರಲು ಬರುವುದಿಲ್ಲ.

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ.

“ಸೂಜಿಯಣ್ಣ ನಮ್ಮ ಟೀಮಿಗೆ ಇಪ್ಪತ್ತು ವರ್ಷ ದುಡಿದ. ಒಂದೇ ಒಂದು ತಪ್ಪು ಮಾಡ್ದ. ರಕ್ತಸಂಬಂಧ, ಯಾರನ್ನ ಬಿಟ್ಟಿದೆ? ಇವತ್ತು ನಾವೆಲ್ಲ ಅದನ್ನ ಹೊಟ್ಟೆಗೆ ಹಾಕ್ಕೊಂಡಿದೀವಿ. ಅನ್ಯಾಯ ಆಗಿದ್ದು ಈ ಕಡ್ಡಿಗೆ. ಅವನೇ ಬಂದು ಹೆಗಲು ಕೊಟ್ಟಿದಾನೆ ಅಂದ್ಮೇಲೆ ನಮ್ಮದೇನಿದೆ?”

ಎಲ್ಲರೂ ಕಡ್ಡಿಯನ್ನು ಪ್ರೀತಿಯಿಂದ ನೋಡಿದರು. ಮಗಳು ಮಾತ್ರ ತಂದೆಯ ಮುಖ ನೋಡುತ್ತ, ಎರಡೂ ಪ್ಯಾಡುಗಳನ್ನು ಎದೆಗೊತ್ತಿ ನಿಂತಿದ್ದಳು. ಅವಳ ಕುತ್ತಿಗೆ ಕೆಂಪಗಾಗಿತ್ತು. ಮಣ್ಣು ಮಾಡುವ ದಿನ ಊರು ಅಪ್ಪನನ್ನು ಕ್ಷಮಿಸುತ್ತಿತ್ತು, ಅವಳು ಬಾಯಿ ಮುಚ್ಚಿಕೊಂಡು ಅದನ್ನು ಪಡೆದುಕೊಳ್ಳಬೇಕಿತ್ತು.

ಕಡ್ಡಿ ಮುಚ್ಚಳದ ಕಡೆ ನೋಡಿದ. ಈಗ ಸುಮ್ಮನಿದ್ದರೆ ಮುಗಿಯಿತು. ಮುಚ್ಚಳಕ್ಕೆ ಮೊಳೆ ಬೀಳುತ್ತದೆ, ಗೊತ್ತಿದ್ದ ಇನ್ನೊಬ್ಬನು ಮಣ್ಣೊಳಗೆ ಹೋಗುತ್ತಾನೆ, ಚಹದಂಗಡಿಯ ಜಾಗ ಸಾಯುವ ತನಕ ತನ್ನದೇ.

*

ಫೈನಲ್ಲಿಗೆ ಎರಡು ದಿನ ಮುಂಚೆ ಅವನು ಹತ್ತಿಯ ಬೇಲುಗಳನ್ನು ಇಳಿಸುವ ಕಟ್ಟೆಯಿಂದ ಜಾರಿ ಬಿದ್ದಿದ್ದ. ನೋಡಿದವರಿಲ್ಲ. ಫೈನಲ್ಲಿನ ಹಿಂದಿನ ಮಧ್ಯಾಹ್ನ ಸೂಜಿಯಣ್ಣನ ಬೆಲ್ಟಿನ ಶೆಡ್ಡಿಗೆ ಹೋಗಿ ಪ್ಯಾಂಟು ಮೇಲೆತ್ತಿದ. ಎಡ ಮೊಣಕಾಲು ಕುಂಬಳದ ಹಾಗೆ ಊದಿತ್ತು.

“ಒಳಗಿನ ತೂತಿಗೆ ಬರ್ತಿಲ್ಲಣ್ಣ. ಗುಂಡಂದು ಸಡಿಲ ಆಗುತ್ತೆ. ನಡುವೆ ಒಂದು ಹೊಡೆದುಕೊಡು.”

ಸೂಜಿಯಣ್ಣ ಆ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಪಟ್ಟಿ ಸುತ್ತಿ, ಅಳೆದು, ದಬ್ಬಣ ಕಾಯಿಸಿ, ನಡುವೆ ಚೊಕ್ಕವಾಗಿ ಒಂದು ತೂತು ಹೊಡೆದ. ಆಮೇಲೆ, “ಬಗ್ಗಿಸು,” ಎಂದ.

ಬಗ್ಗಿಸಲು ಹೋದ ಕಡ್ಡಿ ತುಟಿ ಕಚ್ಚಿಕೊಂಡ. ಕಣ್ಣಲ್ಲಿ ನೀರು ಬಂತು.

“ನಾಳೆ ಇದರ ಮೇಲೆ ಒಂದು ಚೆಂಡು ಬಿದ್ರೆ ಜನ್ಮಕ್ಕೆ ಎದ್ದು ನಡೆಯಲ್ಲ ನೀನು.”

“ಯಾರಿಗೂ ಹೇಳ್ಬೇಡಣ್ಣಾ. ಕಾಲು ಹೋಗಿದೆ ಅಂತ ಗೊತ್ತಾದ್ರೆ ಕೂಲಿ ಲಿಸ್ಟಿಂದ ಹೆಸರು ತೆಗೀತಾರೆ. ಮಗೂಗೆ ನಾಲ್ಕು ತಿಂಗಳು. ನಿನ್ನ ಕಾಲಿಗೆ ಬೀಳ್ತೀನಿ.”

“ನಿನ್ನ ಕಾಲೇ ನೆಟ್ಟಗಿಲ್ಲ, ನನ್ನ ಕಾಲಿಗೆ ಹೇಗೆ ಬೀಳ್ತೀಯ?” ಎಂದು ಸೂಜಿಯಣ್ಣ ಬೈದ. “ಹೇಳಲ್ಲ, ಹೋಗು.”

ಹೇಳಲಿಲ್ಲ. ಆಡಿಸುತ್ತೇನೆ ಅಂತಲೂ ಮಾತು ಕೊಟ್ಟಿರಲಿಲ್ಲ.

ಸೋತ ಸಂಜೆ ಕ್ಯಾಂಟೀನಿನಲ್ಲಿ ಯಾರೋ ಕೇಳಿದರು: “ನಿನ್ನನ್ನ ಯಾಕೋ ಬಿಟ್ಟ ಸೂಜಿ?” ಕಡ್ಡಿಗೆ ತನ್ನ ಮೊಣಕಾಲು ಮುಚ್ಚಿಡಬೇಕಿತ್ತು. “ಅಳಿಯ ಅಲ್ವಾ, ಏನ್ಮಾಡೋದು,” ಎಂದುಬಿಟ್ಟ. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಗಾಗುವುದರೊಳಗೆ ಅದು ಇಡೀ ಕ್ವಾರ್ಟರ್ಸಿನ ಮಾತಾಗಿತ್ತು.

ಆಮೇಲೆ ದಿನಾ ಬೆಳಿಗ್ಗೆ ಗೇಟು ದಾಟುವಾಗ ಸೂಜಿಯಣ್ಣ ಒಂದು ಗಳಿಗೆ ನಿಂತು, ದನಿ ತಗ್ಗಿಸಿ ಕೇಳುತ್ತಿದ್ದ: “ಕಾಲು ಹೇಗಿದೆ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಡ್ಡಿಗೆ ಅದು ಬೆದರಿಕೆಯ ಹಾಗೆ ಕೇಳಿಸುತ್ತಿತ್ತು. ಮುಖ ತಿರುಗಿಸಿ ಹಾಜರಿ ಪುಸ್ತಕ ತೆರೆಯುತ್ತಿದ್ದ. ಎರಡು ವರ್ಷ ಕೇಳಿದ ಮೇಲೆ ಸೂಜಿಯಣ್ಣ ಹಿಂದಿನ ಗೇಟಿನಿಂದ ಹೋಗಿ ಬರತೊಡಗಿದ.

*

“ಅವತ್ತು ನನ್ನ ಮೊಣಕಾಲು ಊದಿತ್ತು,” ಎಂದ ಕಡ್ಡಿ.

ಮೊಳೆ ಹಿಡಿದಿದ್ದವನು ತಲೆಯೆತ್ತಿದ.

“ನಿಲ್ಲೋಕೆ ಆಗ್ತಿರಲಿಲ್ಲ. ಅಣ್ಣನಿಗೆ ಒಬ್ಬನಿಗೇ ಗೊತ್ತಿತ್ತು. ಹೇಳ್ಬೇಡ ಅಂತ ನಾನೇ ಬೇಡಿಕೊಂಡಿದ್ದೆ. ಅಳಿಯ ಅಂತ ಹಾಕ್ದ ಅಂದೋನೂ ನಾನೇ.”

ಹಿಂದಿನಿಂದ ಒಬ್ಬಳು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನೋಡಿ, ಎಂಥಾ ದೊಡ್ಡ ಮನಸ್ಸು! ಸತ್ತವನ ಮೇಲಿನ ಅಪವಾದಾನ ತನ್ನ ಮೇಲೆ ಹಾಕ್ಕೊಳ್ತಿದಾನೆ,” ಎಂದಳು.

ಕ್ಯಾಪ್ಟನ್ ಬಂದು ಬೆನ್ನು ತಟ್ಟಿದ. “ಸಾಕು ಬಿಡೋ ಕಡ್ಡಿ. ನೀನು ಬಂಗಾರದಂಥವನು ಅಂತ ನಮಗೆ ಗೊತ್ತಿಲ್ವಾ?”

ಕಡ್ಡಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಊರು ಈಗ ನಿಜವನ್ನು ನಂಬಲು ತಯಾರಿರಲಿಲ್ಲ. “ದೊಡ್ಡ ಮನಸ್ಸೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ!” ಎಂದು ಕೂಗಿದ. “ಎಡಗಡೆ ಪ್ಯಾಡು ತೋರಿಸಮ್ಮ! ಮೇಲಿನ ಪಟ್ಟಿ. ನಡುವಿನ ತೂತು ಯಾರದು? ಕೇಳಿ. ಗುಂಡನ್ನೇ ಕೇಳಿ.”

ಗುಂಡ ಪೆಟ್ಟಿಗೆಯ ತಲೆಯ ಕಡೆ ನಿಂತಿದ್ದ. ಮಗಳ ಕೈಯಿಂದ ಪ್ಯಾಡು ತೆಗೆದುಕೊಂಡು, ಪಟ್ಟಿಯನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಆ ತೂತನ್ನು ಸವರಿದ.

“ಅವತ್ತು ಕಟ್ಟುವಾಗ ನೋಡಿದೆ,” ಎಂದ ನಿಧಾನವಾಗಿ. “ಹಿಂದಿನ ವಾರ ಇರಲಿಲ್ಲ. ಮಾವನ ಕೈ ತಪ್ಪಿದೆ ಅಂದ್ಕೊಂಡೆ. ಮಾವನ ಕೈ ಯಾವತ್ತು ತಪ್ಪಿತ್ತು?” ಕ್ಯಾಪ್ಟನ್ ಕಡೆ ತಿರುಗಿದ. “ಇದು ನನ್ನ ಕಾಲಿಗೆ ಬರಲ್ಲ. ಅವನ ಕಾಲಿಗೂ ಬರಲ್ಲ. ಊದಿದ್ರೆ ಮಾತ್ರ ಬರುತ್ತೆ.”

ಕ್ಯಾಪ್ಟನ್ನಿನ ಕೈ ಕಡ್ಡಿಯ ಬೆನ್ನಿನಿಂದ ತಾನಾಗಿ ಜಾರಿತು.

“ನನ್ನ ಮದುವೇಲಿ ಯಾರೋ ‘ಕಾಲು ಕೂಡಿಸೋ’ ಅಂದ್ರು,” ಎಂದ ಗುಂಡ ಕಡ್ಡಿಗೆ. “ನೀನು ಎರಡನೇ ಸಾಲಲ್ಲಿ ಕೂತಿದ್ದೆ. ನೀನೂ ನಕ್ಕೆ.”

“ನಕ್ಕೆ,” ಎಂದ ಕಡ್ಡಿ.

ಮಗಳು ಅಳಲಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಕೊಡುವವಳ ಹಾಗೆ ನೇರವಾಗಿ ಅವನ ಮುಖ ನೋಡಿದಳು. “ನನಗೆ ಆಗ ಹದಿನಾಲ್ಕು, ಚಿಕ್ಕಪ್ಪ. ‘ಯಾಕಪ್ಪಾ ಗುಂಡ ಭಾವನ್ನ ಹಾಕ್ದೆ’ ಅಂತ ನಾನೂ ಕೇಳ್ದೆ. ‘ನೀನೂ ಕೇಳ್ತೀಯಾ’ ಅಂದ್ರು ಅಷ್ಟೇ. ಆಮೇಲೆ ಕೇಳಲಿಲ್ಲ. ಆದ್ರೆ ಊರು ಹೇಳಿದ್ದನ್ನೇ ನಂಬಿದ್ದೆ. ಈಗಿನ ತನಕ ನಂಬಿದ್ದೆ.”

ಬಲಗಾಲಿನ ಪ್ಯಾಡನ್ನು ತಂದೆಯ ಪಕ್ಕದಲ್ಲಿ, ಮಲಗಿಸುವ ಹಾಗೆ ಇಟ್ಟಳು. ಎಡಗಾಲಿನದನ್ನು ಗುಂಡನ ಕೈಯಿಂದ ತೆಗೆದು ಕಡ್ಡಿಯ ಮುಂದೆ ಹಿಡಿದಳು.

“ಇದು ನಿಮ್ದು. ನೀವೇ ಇಟ್ಕೊಳ್ಳಿ.”

ಮುಚ್ಚಳಕ್ಕೆ ಮೊಳೆ ಬಿತ್ತು. ಕಡ್ಡಿ ತನ್ನ ಮೂಲೆಗೆ ಹೆಗಲು ಕೊಡಲು ಬಗ್ಗಿದ. “ಬೇಡ, ಬಿಡು,” ಎಂದ ಗುಂಡ, ಅವನ ಕಡೆ ನೋಡದೆ. ಆ ಮೂಲೆಗೆ ಕ್ಯಾಪ್ಟನ್ ಬಂದ. ಅಂಗಳದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದವರಲ್ಲಿ ಇಬ್ಬರು ಕೈ ಬಿಚ್ಚಿ ಮುಂದೆ ಬಂದರು, ಆಮೇಲೆ ಇನ್ನಿಬ್ಬರು.

ಮೆರವಣಿಗೆ ಹೊರಟಿತು. ಕಡ್ಡಿ ಎಲ್ಲರಿಗಿಂತ ಹಿಂದೆ, ಕಂಕುಳಲ್ಲಿ ಪ್ಯಾಡು ಇರುಕಿಕೊಂಡು ನಡೆದ. ಮಾತು ಅವನಿಗಿಂತ ಬೇಗ ನಡೆದಿತ್ತು. ಚಹದಂಗಡಿಯ ಮುಂದೆ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದವರು ಅವನ ಮುಖವನ್ನಲ್ಲ, ಕಂಕುಳನ್ನು ನೋಡುತ್ತಿದ್ದರು. ಯಾರೂ ಜಾಗ ಬಿಡಲಿಲ್ಲ.

ಗಿರಣಿಯ ಗೇಟಿನ ಹತ್ತಿರ ಹೆಗಲು ಬದಲಿಸಲು ಪೆಟ್ಟಿಗೆಯನ್ನು ಕಾವಲುಗಾರರ ಕಟ್ಟೆಯ ಮೇಲೆ ಇಳಿಸಿದರು. ಹಿಂದೆ ಬಿದ್ದಿದ್ದ ಕಡ್ಡಿ ಅಷ್ಟರಲ್ಲಿ ಬಂದು ಮುಟ್ಟಿದ. ಮೂವತ್ತು ವರ್ಷ ಅವನು ಕೂತ ಸ್ಟೂಲು ಇದ್ದದ್ದು ಅಲ್ಲೇ. ಸೂಜಿಯಣ್ಣ ಒಂದು ಗಳಿಗೆ ನಿಂತು ಕೇಳುತ್ತಿದ್ದದ್ದೂ ಅಲ್ಲೇ. ಕಡ್ಡಿ ಮುಚ್ಚಳದ ಮೇಲೆ ಅಂಗೈ ಇಟ್ಟ. ಯಾರಾದರೂ ತಡೆಯುತ್ತಾರೇನೋ ಎಂದು ಕಾದ. ಯಾರೂ ತಡೆಯಲಿಲ್ಲ.

“ನೋಯುತ್ತಣ್ಣಾ,” ಎಂದ. “ಮೆಟ್ಟಿಲು ಇಳಿಯುವಾಗ ಜಾಸ್ತಿ.”

ಎಂಟು ಜನ ಪೆಟ್ಟಿಗೆ ಎತ್ತಿದರು. ಅವನ ಅಂಗೈ ಮರದಿಂದ ಕಳಚಿ ಗಾಳಿಯಲ್ಲಿ ಉಳಿಯಿತು. ಮೆರವಣಿಗೆ ತಿರುವು ದಾಟಿತು. ಅವನು ಒಂದು ಹೆಜ್ಜೆಗೆ ಎರಡೂ ಕಾಲು ಕೂಡಿಸಿಕೊಳ್ಳುತ್ತ ಹಿಂದೆ ಹೊರಟ. ಕಂಕುಳಿಂದ ಇಳಿಬಿದ್ದ ಪಟ್ಟಿಯ ಬಕಲ್ ಪ್ರತಿ ಹೆಜ್ಜೆಗೂ ಅವನ ಎಡ ಮೊಣಕಾಲಿಗೆ ಬಡಿಯುತ್ತಿತ್ತು.