ಮೀಸೆ ತಿರುವದ ಅಧ್ಯಕ್ಷ

ಬ್ರಿಟಿಷರ ಕಾಲದ ಪಾತ್ರ ಅಂದರೆ ಮೀಸೆ ತಿರುವಿ ಗುಡುಗುವುದು, ಅಷ್ಟೇ ಅಂತ ನಮ್ಮ ಶಿವಯೋಗೀಶ ತಿಳಿದಿದ್ದ. ಧಾರವಾಡದ ಶಾಲೆಯ ಗ್ಯಾದರಿಂಗಿನ ನಾಟಕಗಳಲ್ಲಿ ಅವನು ಕಲಿತದ್ದೂ ಅದನ್ನೇ. ಈಗ ಕಡಲಾಚೆಯ ಬೂನ್ ಲೇ ಬಡಾವಣೆಯ ಕನ್ನಡದವರು ಆಡಲಿದ್ದ ನಾಟಕದಲ್ಲಿ ಅವನದು ಹಳೆಯದೊಂದು ಸಂಘದ ಅಧ್ಯಕ್ಷನ ಪಾತ್ರ. ಕಾಂಗ್ರೆಸ್ಸು ಇನ್ನೂ ಹುಟ್ಟಿರದ ಕಾಲದ ಕಥೆ. ಮೊದಲ ತಾಲೀಮಿನಲ್ಲೇ ಅವನು ಕಲೆಕ್ಟರ್ ದೊರೆಯ ಮುಂದೆ ಮುಷ್ಟಿ ಎತ್ತಿ ಅಬ್ಬರಿಸಿದ. ನಾಟಕ ಬರೆದು ಆಡಿಸುತ್ತಿದ್ದ ವಿದ್ಯಾಶ್ರೀ ಅರ್ಧಕ್ಕೇ ತಡೆದಳು.

“ಇವ್ರು ಫೈಟ್ ಮಾಡೋಕೆ ಬಂದಿಲ್ಲ ಶಿವಯೋಗೀಶ್. ಕಂದಾಯ ಕಮ್ಮಿ ಮಾಡಿ ಅಂತ ರಿಕ್ವೆಸ್ಟ್ ಮಾಡೋಕೆ ಬಂದಿದಾರೆ. ಕೈ ಮುಗೀರಿ.”

ಮುಗಿದ. ‘ದೊರೆಗಳ ನೆರಳಿನಲ್ಲೇ ಬಾಳುವ ಪ್ರಜೆಗಳು ನಾವು’ ಅನ್ನುವ ಮಾತು ಮಾತ್ರ ಬಾಯಲ್ಲಿ ಬಿಸಿತುಪ್ಪವಾಯಿತು. ಈ ಅಧ್ಯಕ್ಷ ದೇಶಭಕ್ತನೋ, ಬಾಲಬಡುಕನೋ? ಅಪ್ಪ ಫ್ರೀಡಂ ಫೈಟರ್ ಅಂತ ಗೆಳತಿಯರ ಮುಂದೆ ಡಂಗುರ ಸಾರಿದ್ದ ಮಗಳು ಅದ್ವಿಕಾ ಮುಖ ಊದಿಸಿಕೊಂಡಳು.

“ಅಪ್ಪಾ, ಇದು ಬೆಗ್ ಮಾಡೋದು ಲಾ,” ಅಂದಳು, ಅಲ್ಲಿಯ ಮಕ್ಕಳಂತೆ ಕೊನೆಗೊಂದು ‘ಲಾ’ ಎಳೆದು.

ಅವನಿಗೆ ಇನ್ನೊಂದು ತಲೆನೋವೂ ಇತ್ತು. ಅವನ ಕೆಲಸ ಜುರಾಂಗ್ ಐಲ್ಯಾಂಡಿನ ಪ್ಲಾಂಟಿನಲ್ಲಿ. ಪಾಳಿ ಮುಗಿಯುವ ಹೊತ್ತಿಗೆ ಬರುತ್ತಿದ್ದ ಸಂಜೆ ಏಳರ ಕಂಪನಿ ಬಸ್ಸನ್ನು ಮ್ಯಾನೇಜರು ನಿಲ್ಲಿಸಿಬಿಟ್ಟಿದ್ದರು, ಮುಂದಿನದು ಒಂಬತ್ತೂವರೆಗೆ. ಅವನು ಮನೆ ಮುಟ್ಟುವಾಗ ಅದ್ವಿಕಾಳಿಗೆ ನಿದ್ದೆ. ಮಗಳ ಮಾತು ಕೇಳಲು ಶನಿವಾರ ಬರಬೇಕು ಅನ್ನುವುದು ಅವನ ಹೊಟ್ಟೆ ಉರಿಸುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾಟಕದವನು ನೀನೇ ಹೋಗು ಅಂತ ಜೊತೆಯವರು ಅವನನ್ನು ಮುಂದೆ ನೂಕಿ ಹಿಂದೆ ಸರಿದರು. ಅವನ ಕಾಂಟ್ರಾಕ್ಟು ಅದೇ ತಿಂಗಳು ರಿನ್ಯೂ ಆಗಬೇಕಿತ್ತು.

ಸೋಮವಾರ ಮನಸ್ಸಿನಲ್ಲೇ ಮೀಸೆ ತಿರುವಿಕೊಂಡು ಮ್ಯಾನೇಜರ ಕೋಣೆಗೆ ಹೋದ. ಬಾಗಿಲು ದಾಟಿದ್ದೇ ತಡ, ಬಾಯಿಗೆ ಬಂದದ್ದೇ ಬೇರೆ. ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ, ನಿಮ್ಮ ಉಪಕಾರ ದೊಡ್ಡದು, ಆದರೂ ಒಂದು ಸಣ್ಣ ವಿನಂತಿ. ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಮಾತು ಅಧ್ಯಕ್ಷನದೇ. ಕೈಗಳು ತಾವಾಗಿಯೇ ಕೂಡಿಕೊಂಡಿದ್ದವು. ಬಸ್ಸಿನ ಸಂಗತಿಯನ್ನು ಮಾತ್ರ ಅವನು ನುಂಗಲಿಲ್ಲ. ನೋಡೋಣ, ಅಂದರು ಮ್ಯಾನೇಜರು. ನಾಟಕದ ಕಲೆಕ್ಟರೂ ಅದನ್ನೇ ಅನ್ನುತ್ತಿದ್ದ. ಹೊರಗೆ ಬಂದಾಗ ತಾನು ಧೈರ್ಯ ಮಾಡಿದೆನೋ ಮಾನ ಕಳೆದುಕೊಂಡೆನೋ ಅವನಿಗೆ ತಿಳಿಯಲಿಲ್ಲ.

ಶನಿವಾರ ನಾಟಕ. ಅಂಟಿಸಿದ ಮೀಸೆಯನ್ನು ಶಿವಯೋಗೀಶ ಮುಟ್ಟಲಿಲ್ಲ. ಕೈ ಮುಗಿದ. ಬೆನ್ನ ಹಿಂದೆ ಸಂಘದವರೆಲ್ಲ ಸಾಲಾಗಿ ನಿಂತಿದ್ದರು. ಮ್ಯಾನೇಜರ ಕೋಣೆಯಲ್ಲಿ ಅವನ ಹಿಂದೆ ಇದ್ದದ್ದು ಬರೀ ಬಾಗಿಲು. ಕಂದಾಯದ ಮಾತನ್ನು ಅವನು ಕೊನೆಯವರೆಗೂ ಹೇಳಿದ. ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಕೂತವರು ಮುಖ ಮುಖ ನೋಡಿಕೊಂಡರು.

ಮನೆಗೆ ನಡೆಯುವಾಗ ಅದ್ವಿಕಾ ಅಪ್ಪನ ಕೈ ಹಿಡಿದು ಎಳೆದಳು.

“ಅಪ್ಪಾ, ಆ ಸಂಘದವ್ರು ಕೇಳಿದ್ದು ಸಿಕ್ತಾ?”

“ಇಲ್ಲ ಮಗಾ.”

“ಹಂಗಾದ್ರೆ ಗಿವ್ ಅಪ್ ಮಾಡಿದ್ರಾ?”

ಪ್ಲಾಂಟಿನ ಏಳರ ಬಸ್ಸೂ ಇನ್ನೂ ಮತ್ತೆ ಶುರುವಾಗಿರಲಿಲ್ಲ.

“ಇಲ್ಲ. ಸೋಮವಾರ ಮತ್ತೆ ಹೋಗ್ತೀನಿ,” ಅಂದ ಶಿವಯೋಗೀಶ. “ಈ ಸಲ ಜೊತೆಯವರೆಲ್ಲರನ್ನೂ ಕರ್ಕೊಂಡು.”